ಪಾಯಿಂಟ್ ನಾಯಿಗಳ ನಾವಿಸ್ ಫೀಲ್ಡ್ ಟ್ರಯಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿದ್ದೇವೆ. ನಮ್ಮ ವಿಜ್ಲಾ ತಳಿಯ ನಾಯಿಯನ್ನು ನಾವಿಸ್ ಟ್ರಯಲ್‌ಗೆ, ಅಂದರೆ ಆರಂಭಿಕ ಹಂತದ ಬೇಟೆ ನಾಯಿಗಳ ಬಯಲು ಸ್ಪರ್ಧೆಗೆ, ಸೇರಿಸುವ ಆಸೆಯಿದೆ. ನೋಡಲು ಹೋಗಿದ್ದಾಗ, ಪಾಯಿಂಟ್ ಮಾಡದೆ (ವಾಸನೆ ಹಿಡಿದು ಅಲುಗದೆ ನಿಂತು ಹಕ್ಕಿಯಿರುವ ಕಡೆ ತೋರಿಸದೆ) ಹಕ್ಕಿ ಎಬ್ಬಿಸಿದ ಒಂದು ನಾಯಿಯನ್ನು ಕೂಡಲೇ ಹೊರಗೆ ಕಳಿಸಿದರು. ಇನ್ನೊಂದು ನಾಯಿ ಅದನ್ನೇ ಮಾಡಿದಾಗ ತೀರ್ಪುಗಾರರು ಸುಮ್ಮನಿದ್ದರು. ಇದೆಂಥ ನ್ಯಾಯ? (ಓದುಗರು, ಲೀಡ್ಸ್)

ಉತ್ತರ: ಆ ಎರಡೂ ಸಲ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಅಂತ ನೆನಪು ಮಾಡಿಕೊಳ್ಳಿ. ನಾಯಿ ಗಾಳಿಗೆ ಎದುರಾಗಿ ಹೋಗುವಾಗ ಮುಂದೆ ಕುಳಿತ ಹಕ್ಕಿಯ ವಾಸನೆ ನೇರವಾಗಿ ಮೂಗಿಗೆ ಬರುತ್ತದೆ. ಹಾಗಿದ್ದೂ ನಿಲ್ಲದೆ ನುಗ್ಗಿ ಎಬ್ಬಿಸಿದರೆ ಒಂದೋ ಮೂಗು ಸಾಲದು, ಇಲ್ಲವೇ ಸಂಯಮ ಸಾಲದು. ಎರಡಕ್ಕೂ ಕ್ಷಮೆಯಿಲ್ಲ, ನಾಯಿ ಔಟ್. ಬೆನ್ನ ಹಿಂದಿನಿಂದ ಗಾಳಿ ಬೀಸುವಾಗ ವಾಸನೆ ಮುಂದಕ್ಕೆ ತೇಲಿ ಹೋಗುತ್ತದೆ. ನಾಯಿ ಗೊತ್ತಿಲ್ಲದೆ ಹಕ್ಕಿಯ ಮೇಲೇ ಕಾಲಿಡಬಹುದು. ಆಗ ನೋಡಬೇಕಾದದ್ದು ಒಂದೇ: ಹಕ್ಕಿ ಎದ್ದ ಕ್ಷಣ ನಾಯಿ ನಿಂತಿತೇ? ನಿಂತರೆ ತೊಂದರೆಯಿಲ್ಲ, ಅಟ್ಟಿಸಿಕೊಂಡು ಓಡಿದರೆ ಆಟ ಮುಗಿಯಿತು.

ಹಾಗಾಗಿಯೇ ಒಳ್ಳೆಯ ತೀರ್ಪುಗಾರ ನಾಯಿ ಬಿಡಿಸುವ ಮೊದಲು ಒಂದು ಚಿಟಿಕೆ ಒಣ ಹುಲ್ಲು ಹಾರಿಸಿ ನೋಡುತ್ತಾನೆ. ಎದುರು ಗಾಳಿಯಾದರೆ ನಾಯಿ ಹ್ಯಾಂಡ್ಲರ್ (ಅದನ್ನು ನಡೆಸುವವರು) ಮುಂದೆ ಅಡ್ಡಡ್ಡ ಓಡಿ, ಎರಡೂ ತುದಿಯಲ್ಲಿ ಗಾಳಿಯ ಕಡೆಗೇ ತಿರುಗಬೇಕು. ಹಿಂದಕ್ಕೆ ತಿರುಗಿದರೆ ಹುಡುಕಿದ ನೆಲವನ್ನೇ ಮತ್ತೆ ಹುಡುಕುತ್ತದೆ, ಮುಂದಿನ ನೆಲ ಉಳಿದುಬಿಡುತ್ತದೆ. ಹಿಂಗಾಳಿಯಲ್ಲಿ ಜಾಣ ನಾಯಿ ಮೊದಲು ದೂರ ಹೋಗಿ, ಅಲ್ಲಿಂದ ಹ್ಯಾಂಡ್ಲರ್ ಕಡೆಗೆ ಹುಡುಕುತ್ತಾ ಬರುತ್ತದೆ. ಅನುಭವವಿಲ್ಲದ ತೀರ್ಪುಗಾರ ಇದನ್ನು ‘ಹಿಡಿತ ತಪ್ಪಿದೆ’ ಎಂದು ಬರೆದುಕೊಳ್ಳುವುದುಂಟು. ನಮ್ಮ ಪ್ರಕಾರ ನಾವಿಸ್ ಟ್ರಯಲ್‌ಗಳಲ್ಲಿ ಆಗುವ ಅತಿ ದೊಡ್ಡ ಅನ್ಯಾಯ ಇದು. ಪಕ್ಕದ ಗಾಳಿಯಲ್ಲಿ ಓಟದ ಗೆರೆ ಓರೆಯಾಗುತ್ತದೆ, ಆಗಲೇಬೇಕು. ನೇರ ಗೆರೆ ಬೇಕೆಂದು ಸೀಟಿ ಊದಿ ಊದಿ ನಾಯಿಯ ತಲೆ ಕೆಡಿಸಬೇಡಿ. ಗದ್ದಲದ ಹ್ಯಾಂಡ್ಲಿಂಗ್ ಕೂಡ ತಪ್ಪೇ.

ಪ್ರಶ್ನೆ: ನಾವಿಸ್ ಅಂದ ಮೇಲೆ ತಪ್ಪುಗಳಿಗೆ ರಿಯಾಯಿತಿ ಇರುತ್ತದಲ್ಲವೇ? (ಅದೇ ಓದುಗರು)

ಉತ್ತರ: ನಯನಾಜೂಕಿನಲ್ಲಿ ಇದೆ, ಹೊರಹಾಕುವ ತಪ್ಪುಗಳಲ್ಲಿ ಇಲ್ಲ. ಹಕ್ಕಿಯ ಹಿಂದೆ ಓಡುವುದು, ಬೊಗಳುವುದು ಅಥವಾ ಕುಂಯ್‌ಗುಡುವುದು, ಕೈಗೆ ಸಿಗದೆ ಹೋಗುವುದು, ತನ್ನ ಪಾಲಿನ ನೆಲದಲ್ಲಿದ್ದ ಹಕ್ಕಿಯನ್ನು ಬಿಟ್ಟು ಹೋಗುವುದು, ಇವಕ್ಕೆಲ್ಲ ನಾವಿಸ್‌ನಲ್ಲೂ ಅದೇ ಶಿಕ್ಷೆ. ಆದರೆ ತಿರುವು ಸ್ವಲ್ಪ ಒರಟಾಗಿದ್ದು ಮೂಗು ಅದ್ಭುತವಾಗಿದ್ದರೆ, ಸೀಟಿಗೆ ಗೊಂಬೆಯಂತೆ ಕುಣಿಯುತ್ತಾ ಹಕ್ಕಿಯೇ ಸಿಗದ ನಾಯಿಗಿಂತ ಅದನ್ನು ಮೇಲಿಡಬೇಕು. ಸೀಟಿಯ ಪಾಠ ಮುಂದೆಯೂ ಕಲಿಸಬಹುದು, ಮೂಗನ್ನು ಕಲಿಸಲಾಗದು.

ಪ್ರಶ್ನೆ: ನಾಯಿ ಪಾಯಿಂಟ್ ಮಾಡಿತು, ಮುಂದೆ ಹೋದರೆ ಹಕ್ಕಿಯೇ ಇಲ್ಲ. ಸುಳ್ಳು ಪಾಯಿಂಟ್ ಎಂದು ಹೇಗೆ ನಿರ್ಧರಿಸುತ್ತಾರೆ? (ಓದುಗರು, ಮೈಸೂರು)

ಉತ್ತರ: ಅಲ್ಲಿನ ಬೇಟೆಹಕ್ಕಿಯಾದ ಫೆಸೆಂಟ್ ಹಾರುವುದಕ್ಕಿಂತ ಓಡುವುದರಲ್ಲಿ ಚುರುಕು. ನಾಯಿ ನಿಂತಾಗ ಇದ್ದ ಹಕ್ಕಿ ಹ್ಯಾಂಡ್ಲರ್ ಬರುವಷ್ಟರಲ್ಲಿ ಪೊದೆಯೊಳಗೆ ಜಾರಿರುತ್ತದೆ. ಆದ್ದರಿಂದ ಖಾಲಿ ಪಾಯಿಂಟ್ ಕಂಡ ಕೂಡಲೇ ತೀರ್ಪು ಕೊಡಬಾರದು. ನಾಯಿಗೆ ‘ಮುಂದೆ ಹೋಗು’ ಎಂದಾಗ ಅದು ವಾಸನೆಯ ಜಾಡು ಹಿಡಿದು ಮುಂದುವರಿದು ಹಕ್ಕಿಯನ್ನು ಮತ್ತೆ ಪಾಯಿಂಟ್ ಮಾಡಿದರೆ ಒಳ್ಳೆಯ ಗ್ರೇಡ್‌ಗೆ ಅರ್ಹ. ‘ಇಲ್ಲಿ ಏನೂ ಇಲ್ಲ’ ಎಂದು ತಾನೇ ಬಿಡಿಸಿಕೊಂಡು ಹುಡುಕಾಟ ಮುಂದುವರಿಸಿದರೂ ಸರಿ. ಮತ್ತೆ ಮತ್ತೆ ಬರೀ ನೆಲಕ್ಕೆ ನಿಂತರೆ ಅದು ದೊಡ್ಡ ದೋಷ. ಹಕ್ಕಿ ನಿಜಕ್ಕೂ ಇದ್ದು, ಆಜ್ಞೆ ಕೊಟ್ಟರೂ ನಾಯಿ ಅಂಟಿಕೊಂಡಂತೆ ನಿಂತು ಎಬ್ಬಿಸದಿರುವುದೂ ಹಾಗೆಯೇ.

ಪ್ರಶ್ನೆ: ಮುಧೋಳ ನಾಯಿಯನ್ನು ಇಂಥ ಸ್ಪರ್ಧೆಗೆ ತಯಾರು ಮಾಡಬಹುದೇ? (ಓದುಗರು, ಬಾಗಲಕೋಟೆ)

ಉತ್ತರ: ಆಗದು. ಮುಧೋಳ ಕಣ್ಣಿಂದ ಕಂಡು ಅಟ್ಟುವ ತಳಿ. ಇಲ್ಲಿ ಬೇಕಾದದ್ದು ಮೂಗಿನಿಂದ ಕಂಡು ನಿಲ್ಲುವುದು. ಅಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವ ನಮ್ಮಲ್ಲಿ ಗೌಜಲಕ್ಕಿಯನ್ನು ಹೊಡೆದು ನಾಯಿ ಪರೀಕ್ಷಿಸುವ ಮಾತೇ ಇಲ್ಲ.

ಪ್ರಶ್ನೆ: ಪಾಯಿಂಟರ್, ಸೆಟರ್ ತಳಿಗಳ ಟ್ರಯಲ್ ಬೇರೆಯೇ? (ಓದುಗರು, ಎಡಿನ್‌ಬರೊ)

ಉತ್ತರ: ಬೇರೆ. ಅಲ್ಲಿ ಎರಡೆರಡು ನಾಯಿಗಳನ್ನು ಜೊತೆಯಾಗಿ ಓಡಿಸುತ್ತಾರೆ. ಒಂದು ಪಾಯಿಂಟ್ ಮಾಡಿದ್ದನ್ನು ಕಂಡ ಇನ್ನೊಂದು ಇದ್ದಲ್ಲೇ ನಿಂತು ಗೌರವಿಸಬೇಕು. ಇದಕ್ಕೆ ಬ್ಯಾಕಿಂಗ್ ಎನ್ನುತ್ತಾರೆ. ಹಕ್ಕಿ ಹೊತ್ತು ತರುವ ಕೆಲಸ ಅವುಗಳಿಗಿಲ್ಲ. ವಸಂತದ ಟ್ರಯಲ್‌ಗಳಲ್ಲಿ ಹಕ್ಕಿಯನ್ನು ಕೊಲ್ಲುವುದೂ ಇಲ್ಲ, ಸದ್ದಿಗಷ್ಟೇ ಗುಂಡು. ವಿಜ್ಲಾ, ಜರ್ಮನ್ ಷಾರ್ಟ್‌ಹೇರ್ಡ್ ಪಾಯಿಂಟರ್, ವೈಮರನರ್, ಬ್ರಿಟನಿಯಂಥವು ಹುಡುಕುವುದು, ನಿಲ್ಲುವುದು, ತರುವುದು ಮೂರನ್ನೂ ಮಾಡಬೇಕಾದ್ದರಿಂದ ಒಂಟಿಯಾಗಿ ಓಡುತ್ತವೆ.

ಪ್ರಶ್ನೆ: ನಾಯಿ ತಂದ ಹಕ್ಕಿಯನ್ನು ತೀರ್ಪುಗಾರರು ಅಷ್ಟು ಹೊತ್ತು ಕೈಯಲ್ಲಿ ಹಿಡಿದು ಏನು ನೋಡುತ್ತಾರೆ? (ಓದುಗರು, ಶಿವಮೊಗ್ಗ)

ಉತ್ತರ: ಪಕ್ಕೆಲುಬು. ಹಕ್ಕಿಯನ್ನು ಅಂಗೈ ಮೇಲೆ ಎದೆ ಮೇಲಾಗಿ, ತಲೆ ಮುಂದಾಗಿ ಇಟ್ಟುಕೊಂಡು ಹೆಬ್ಬೆರಳು, ತೋರುಬೆರಳಿನಿಂದ ಎರಡೂ ಪಕ್ಕ ಸವರುತ್ತಾರೆ. ಎಲುಬಿನ ಗೂಡು ಗುಂಡಗೆ, ಗಟ್ಟಿಯಾಗಿರಬೇಕು. ಚಪ್ಪಟೆಯಾಗಿ ಒಳಗೆ ಕುಸಿದಿದ್ದರೆ ನಾಯಿ ಬಾಯಿ ಬಿಗಿದಿದೆ ಎಂಬ ಅನುಮಾನ. ಬಾಲದ ಗರಿ ಕಿತ್ತು ಬಂದಿದ್ದರೆ ಅದು ಸಾಕ್ಷಿಯಲ್ಲ. ಎತ್ತರದಿಂದ ಗಟ್ಟಿ ನೆಲಕ್ಕೆ ಬಿದ್ದು ಬೆನ್ನಿನ ಹಿಂಭಾಗ ಜಜ್ಜಿರಬಹುದು, ಹತ್ತಿರದಿಂದ ಗುಂಡು ತಗುಲಿ ಎಲುಬು ಮುರಿದಿರಬಹುದು. ಖಚಿತವಿಲ್ಲದಿದ್ದರೆ ಅನುಮಾನದ ಲಾಭ ನಾಯಿಗೆ. ಮೊದಲನೆಯ ತೀರ್ಪುಗಾರರು ಗಟ್ಟಿಯಾಗಿ ಒತ್ತಿ ನೋಡಿದರೆ ಎರಡನೆಯವರ ಕೈಗೆ ಹೋಗುವುದು ಒತ್ತಿದ ಹಕ್ಕಿಯೇ, ಹಾಗಾಗಿ ಬೆರಳು ಹಗುರ ಇರಬೇಕು. ನಾಯಿಯನ್ನು ಹೊರಹಾಕುವುದೇ ಆದರೆ ಹ್ಯಾಂಡ್ಲರ್‌ಗೂ ಆ ಹಕ್ಕಿಯನ್ನು ಮುಟ್ಟಿ ನೋಡಲು ಕೊಡಬೇಕು.

ಪ್ರಶ್ನೆ: ಬಹುಮಾನಕ್ಕೆ ಈಜು ಕಡ್ಡಾಯವೇ? (ಓದುಗರು, ಲೀಡ್ಸ್)

ಉತ್ತರ: ಹೌದು, ವಿಜ್ಲಾದ ಗುಂಪಿನ ನಾಯಿಗಳಿಗೆ ಕಡ್ಡಾಯ. ಕೆರೆಯ ಅಂಚಿನಲ್ಲಿ ಕಾಲು ನೆನೆಸಿ ತಂದರೆ ಸಾಲದು, ಈಜಿ ತರಬೇಕು. ಚಳಿಗಾಲದ ತಣ್ಣೀರಿಗೆ ಮೊದಲ ಸಲ ಟ್ರಯಲ್ ದಿನವೇ ಇಳಿಸಬೇಡಿ. ಬೇಸಿಗೆಯಲ್ಲೇ ಇಳಿಜಾರಾದ ದಡವಿರುವ ನೀರಿನಲ್ಲಿ ಶುರು ಮಾಡಿ.