ಮೊಟ್ಟೆ ತಡವಾಗಿ ಕೊಟ್ಟರೆ ಅಲರ್ಜಿ ತಪ್ಪುತ್ತದೆಯೇ?

ಪ್ರಶ್ನೆ: ನನ್ನ ಎರಡನೇ ಮಗುವಿಗೆ 5 ತಿಂಗಳು. ಕೆನ್ನೆಯ ಚರ್ಮ ಒಣಗಿ ಕೆಂಪಾಗಿದೆ, ರಾತ್ರಿಯೆಲ್ಲ ಕೆರೆದುಕೊಳ್ಳುತ್ತಾಳೆ. ಡಾಕ್ಟರ್ ಎಕ್ಸಿಮಾ ಎಂದಿದ್ದಾರೆ. ದೊಡ್ಡವನಿಗೆ ಆಸ್ತಮಾ ಇದೆ. ಮೂರು ವರ್ಷದವರೆಗೆ ಮೊಟ್ಟೆ, ಕಡಲೆಕಾಯಿ ಬೇಡ ಎನ್ನುತ್ತಾರೆ ಅತ್ತೆ. ಮನೆಯನ್ನು ದಿನವೂ ಕ್ರಿಮಿನಾಶಕ ಹಾಕಿ ಒರೆಸುತ್ತೇನೆ. ಯಜಮಾನರು ಸಿಗರೇಟು ಸೇದುವುದು ಬಾಲ್ಕನಿಯಲ್ಲಿ ಮಾತ್ರ. ಇನ್ನೇನು ಮಾಡಲಿ?

ಉತ್ತರ: ಮೊದಲು ಆ ಕೆನ್ನೆಯ ಕಡೆ ಗಮನ ಕೊಡಿ. ಬಿರುಕು ಬಿಟ್ಟ ಚರ್ಮದ ಮೂಲಕ ಆಹಾರದ ಕಣ ಒಳಗೆ ಹೋದರೆ ದೇಹ ಅದರ ಮೇಲೆ ತಿರುಗಿಬೀಳುವ ಸಾಧ್ಯತೆ ಜಾಸ್ತಿ. ಅದೇ ಆಹಾರ ಬಾಯಿಂದ ಹೊಟ್ಟೆಗೆ ಹೋದರೆ ಸಾಮಾನ್ಯವಾಗಿ ಒಗ್ಗಿಹೋಗುತ್ತದೆ. ಸ್ನಾನವಾದ ಮೇಲೆ ಮೈ ಉಜ್ಜಬೇಡಿ, ಬಟ್ಟೆಯಿಂದ ಒತ್ತಿ ತೆಗೆಯಿರಿ. ತೇವ ಆರುವ ಮುಂಚೆಯೇ ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ. ಹಚ್ಚುವ ಮುನ್ನ ಕೈ ತೊಳೆಯಿರಿ. ಊಟ ಮಾಡಿದ ಕೈಯಾದರೆ ಮರೆಯಲೇಬೇಡಿ. ಡಾಕ್ಟರ್ ಮುಲಾಮು ಕೊಟ್ಟಿದ್ದರೆ ಹೆದರಿ ಅರ್ಧಕ್ಕೆ ನಿಲ್ಲಿಸಬೇಡಿ.

ಅತ್ತೆಯವರು ಸುಮ್ನೆ ಹೇಳುತ್ತಿಲ್ಲ. 2000ನೇ ಇಸವಿಯಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಅಲರ್ಜಿಯ ಅಪಾಯವಿರುವ ಮಕ್ಕಳಿಗೆ ಮೂರು ವರ್ಷ ಕಡಲೆಕಾಯಿ ಬೇಡ ಎಂದಿತ್ತು. 2008ರಲ್ಲಿ ಆ ಸಲಹೆ ಕೈಬಿಟ್ಟಿತು. 2015ರಲ್ಲಿ ಬ್ರಿಟನ್ನಿನ ‘ಲೀಪ್’ ಅಧ್ಯಯನ ಪ್ರಕಟವಾಯಿತು. ಅದರಲ್ಲಿದ್ದವರು ತೀವ್ರ ಎಕ್ಸಿಮಾ ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಶಿಶುಗಳು. ಐದು ವರ್ಷ ತುಂಬುವಾಗ, ಕಡಲೆಕಾಯಿ ದೂರವಿಟ್ಟವರಲ್ಲಿ ಸುಮಾರು ಶೇ. 17 ಮಕ್ಕಳಿಗೆ ಅದರ ಅಲರ್ಜಿ ಬಂದಿತ್ತು. ತಿನ್ನುತ್ತಾ ಬಂದವರಲ್ಲಿ ಶೇ. 3ರಷ್ಟು ಮಾತ್ರ. ಇದನ್ನು ಅತ್ತೆಯವರಿಗೂ ಓದಿ ಹೇಳಿ.

ಹಾಗಂತ ಇವತ್ತೇ ತಿನ್ನಿಸಬೇಡಿ. ಎಕ್ಸಿಮಾ ತೀವ್ರವಾಗಿದ್ದರೆ ಕಡಲೆಕಾಯಿಗೆ ಮೊದಲು ಅಲರ್ಜಿ ಪರೀಕ್ಷೆ ಬೇಕಾಗಬಹುದು, ಡಾಕ್ಟರನ್ನು ಕೇಳಿ. ಅವರು ಸರಿ ಎಂದರೆ, ಮಗುವಿನ ಕತ್ತು ನಿಂತು ಬೇರೆ ಆಹಾರಕ್ಕೆ ಸಿದ್ಧವಾದಾಗ ಚೆನ್ನಾಗಿ ಬೆಂದ ಮೊಟ್ಟೆ ಚೂರೇ ಚೂರು ಕೊಡಿ. ಕಡಲೆಕಾಯಿಯನ್ನು ಇನ್ನೊಂದು ದಿನ, ನುಣ್ಣಗೆ ಅರೆದು ತೆಳ್ಳಗೆ ಮಾಡಿ ಕೊಡಿ. ಇಡೀ ಕಾಳು ಬೇಡವೇ ಬೇಡ, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ಹಗಲಿನಲ್ಲೇ ಕೊಟ್ಟು ಗಮನಿಸಿ. ದದ್ದು, ತುಟಿ ಊತ, ವಾಂತಿ ಕಂಡರೆ ನಿಲ್ಲಿಸಿ ಡಾಕ್ಟರಿಗೆ ತಿಳಿಸಿ. ಉಸಿರಾಟಕ್ಕೆ ಕಷ್ಟವಾದರೆ, ಮಗು ಸುಸ್ತಾಗಿ ಬಿದ್ದರೆ ತಕ್ಷಣ ಆಸ್ಪತ್ರೆಗೆ ಓಡಿ. ಏನೂ ಆಗದಿದ್ದರೆ ವಾರದಲ್ಲಿ ಎರಡು ಮೂರು ಸಲ ಕೊಡುತ್ತಲೇ ಇರಿ. ಎದೆಹಾಲು ಹೇಗೂ ಮುಂದುವರಿಯಲಿ.

ಮನೆ ಶುಚಿಯಾಗಿದ್ದರೆ ಸಾಕು, ಕ್ರಿಮಿನಾಶಕದ ಅಗತ್ಯವಿಲ್ಲ. ಹಸು ಕರು ಇರುವ ಮನೆಗಳಲ್ಲಿ ಬೆಳೆದ ಮಕ್ಕಳಲ್ಲಿ ಆಸ್ತಮಾ ಕಡಿಮೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಆದರೆ ಗೋಡೆಯ ತೇವ, ಬೂಸ್ಟು ಇದ್ದರೆ ಸರಿಪಡಿಸಿ.

ಬಾಲ್ಕನಿಯ ವಿಷಯದಲ್ಲಿ ಮಾತ್ರ ನಾನು ರಾಜಿಯಾಗಲಾರೆ. ಹೊಗೆ ಬಾಗಿಲ ಸಂದಿಯಿಂದ ಒಳಗೆ ಬರುತ್ತದೆ, ಅಂಗಿಗೂ ಅಂಟಿರುತ್ತದೆ. ಅದೇ ಅಂಗಿಯಲ್ಲಿ ಮಗುವನ್ನು ಎತ್ತಿಕೊಳ್ಳುತ್ತಾರೆ, ಅಲ್ವಾ? ಆಸ್ತಮಾ ಇರುವ ದೊಡ್ಡವನಿಗೆ ಅದು ಇನ್ನೂ ಕೆಟ್ಟದ್ದು. ಯಜಮಾನರನ್ನೂ ಡಾಕ್ಟರ್ ಹತ್ತಿರ ಕರೆದೊಯ್ಯಿರಿ. ಸಿಗರೇಟು ಬಿಡಿಸಲು ನಿಕೋಟಿನ್ ಗಮ್ ಇದೆ, ಬೇರೆ ಔಷಧಿಗಳೂ ಇವೆ.