13 ಲಾಕ್ ಇಳಿಯುವ ಮುನ್ನ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು 66. ಮಗಳು, ಅಳಿಯ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾರೆ. ಈ ಬೇಸಿಗೆಗೆ ನಾವೂ ಹೋಗುತ್ತಿದ್ದೇವೆ. ಅಳಿಯಂದಿರು ಉದ್ದನೆಯ ದೋಣಿಯೊಂದನ್ನು ಬಾಡಿಗೆಗೆ ಹಿಡಿದಿದ್ದಾರೆ; ಊರ ನಡುವಿನ ನಾಲೆಯಲ್ಲಿ ಸಾಲಾಗಿ 13 ಲಾಕ್ ಇಳಿಯಬೇಕಂತೆ. ಅದು ಹೇಗೆ? ನನ್ನಂಥವನು ಮಾಡುವ ಕೆಲಸ ಏನಾದರೂ ಅದರಲ್ಲಿದೆಯೇ? ನಮ್ಮ ಭದ್ರಾ ನಾಲೆಯಲ್ಲೂ ಹೀಗೆ ದೋಣಿ ಬಿಡಬಹುದೇ?
— ಓದುಗರೊಬ್ಬರು, ಮಲೇಬೆನ್ನೂರು

ಉತ್ತರ: ಮೇಷ್ಟ್ರೇ, ಕೆಲಸ ಇದೆ, ಅದೂ ಎಲ್ಲಕ್ಕಿಂತ ಮುಖ್ಯವಾದದ್ದು. ನೀರಾವರಿ ಇಲಾಖೆಯಲ್ಲಿ ನಾಲೆ ಮೇಲೆಯೇ ನೌಕರಿ ಮುಗಿಸಿದವನು ನಾನು. ಬರ್ಮಿಂಗ್‌ಹ್ಯಾಮ್‌ಗೆ ಹೋದಾಗ ಆ 13 ಲಾಕ್‌ಗಳನ್ನು ದೋಣಿಯಲ್ಲಿ ಕೂತು ನೋಡಲಿಲ್ಲ, ದಂಡೆಯ ಮೇಲೆ ನಡೆದು ನೋಡಿದೆ. ನೀವೂ ಹಾಗೇ ಮಾಡಿ.

ಅದರ ಹೆಸರು ಫಾರ್ಮರ್ಸ್ ಬ್ರಿಡ್ಜ್ ಲಾಕ್‌ಗಳು. ಬರ್ಮಿಂಗ್‌ಹ್ಯಾಮ್–ಫೇಜ್ಲಿ ನಾಲೆಯ ಭಾಗ, 1789ರ ಕೆಲಸ. ಒಟ್ಟು ಇಳಿತ ಸುಮಾರು 80 ಅಡಿ. ಲಾಕ್ ಅಂದರೆ ಎರಡೂ ತುದಿಗೆ ಗೇಟಿರುವ ಇಟ್ಟಿಗೆ ತೊಟ್ಟಿ. ತೊಟ್ಟಿ ತುಂಬಿದ್ದಾಗ ದೋಣಿ ಒಳಗೆ ಬರಬೇಕು. ಹಿಂದಿನ ಗೇಟು ಮುಚ್ಚಿ, ಮೇಲಿನ ತೂಬು ಇಳಿಸಿ, ಕೆಳಗಿನ ತೂಬು ಎತ್ತಿದರೆ ನೀರು ಕೆಳಗೆ ಹರಿಯುತ್ತದೆ, ದೋಣಿಯೂ ಅದರ ಜೊತೆ ಇಳಿಯುತ್ತದೆ. ಎರಡೂ ಕಡೆ ಮಟ್ಟ ಸಮವಾದ ಮೇಲೆ ಮುಂದಿನ ಗೇಟು ತೆರೆದು ಹೊರಗೆ. ಪಂಪಿಲ್ಲ, ಮೋಟರಿಲ್ಲ. ಚೀನಾದಲ್ಲಿ 984ರ ಹೊತ್ತಿಗೇ ಇಂಥ ಎರಡು ಗೇಟಿನ ಲಾಕ್ ಕಟ್ಟಿಸಿದ್ದರು.

ಈಗ ನಿಮ್ಮ ಕೆಲಸ. ತೊಟ್ಟಿಯ ಉದ್ದ ಸುಮಾರು 72 ಅಡಿ, ಅಗಲ 7 ಅಡಿ, ಇಳಿತ ಸರಾಸರಿ 6 ಅಡಿ. ಗುಣಿಸಿ ನೋಡಿ: ಒಂದು ಸಲ ಖಾಲಿ ಮಾಡಿದರೆ ಹೆಚ್ಚುಕಡಿಮೆ 85,000 ಲೀಟರ್ ಕೆಳಗೆ ಹೋಗುತ್ತದೆ. ಒಂದು ಲಾಕಿಗೂ ಮುಂದಿನದಕ್ಕೂ ನಡುವಿನ ನಾಲೆ, ಅಂದರೆ ನೀರು ನಿಲ್ಲುವ ಹೊಂಡ, ಇಲ್ಲಿ ಬಹಳ ಗಿಡ್ಡ. ಜಾಗ ಸಾಲದೆ ಹಳಬರು ಆ ಹೊಂಡಗಳನ್ನು ಅಡ್ಡಕ್ಕೆ ಚಾಚಿದ್ದಾರೆ. ಕೆಲವು ಕಡೆ ನೀರು ಕಟ್ಟಡದ ಕಮಾನುಗಳ ಕೆಳಕ್ಕೂ ಹೋಗಿದೆ. ಲೆಕ್ಕವಿಲ್ಲದೆ ತೂಬು ಎತ್ತಿದರೆ ಒಂದು ಹೊಂಡ ಬತ್ತಿ ಅಲ್ಲಿದ್ದ ದೋಣಿ ಕೆಸರಿಗೆ ಕೂರುತ್ತದೆ. ಅದಕ್ಕೇ ಒಬ್ಬರು ಒಂದು ಲಾಕಿನಷ್ಟು ಮುಂದೆ ನಡೆಯುತ್ತಿರಬೇಕು. ನಮ್ಮಲ್ಲಿ ನೀರು ಬಿಡುವ ಸೌಡಿ ನಾಲೆ ಮೇಲೆ ಓಡಾಡುವ ಹಾಗೆ.

ಮುಂದಿನ ಲಾಕ್ ಖಾಲಿ ಇದ್ದರೆ ಕೂಡಲೇ ತುಂಬಿಸಲು ಹೋಗಬೇಡಿ. ಮೊದಲು ಕೆಳಗೆ ಕಣ್ಣು ಹಾಯಿಸಿ. ಯಾರಾದರೂ ಹತ್ತಿ ಬರುತ್ತಿದ್ದರೆ ಆ ಖಾಲಿ ಲಾಕ್ ಅವರದು. ಅವರು ಒಳಗೆ ಬಂದು, ತುಂಬಿಸಿಕೊಂಡು ಮೇಲೆ ಬರಲಿ. ಅದೇ ತುಂಬಿದ ಲಾಕಿಗೆ ನೀವು ಇಳಿಯಿರಿ. ಒಂದು ಲಾಕ್ ನೀರಿನಲ್ಲಿ ಎರಡು ದೋಣಿಯ ಕೆಲಸ ಆಯಿತು. ಆತುರಪಟ್ಟು ನೀವೇ ತುಂಬಿಸಿದರೆ ಅವರು ಕಾಯಬೇಕು, ಮೇಲಿನ ನೀರೂ ದಂಡ. ಮೇಲಿನವರು ತೂಬು ಎತ್ತಿಕೊಂಡರೆ ಕೊನೆ ಭಾಗದ ಗದ್ದೆಗೆ ಏನಾಗುತ್ತದೆಂದು ಮಲೇಬೆನ್ನೂರಿನವರಿಗೆ ನಾನು ಹೇಳಬೇಕಿಲ್ಲ.

ಅಪಾಯದ ವಿಷಯ ಬಿಡಿಸಿ ಹೇಳುತ್ತೇನೆ, ಅಳಿಯಂದಿರಿಗೂ ಓದಿ ಹೇಳಿ. ಮೇಲಿನ ಗೇಟಿನ ಬುಡದಲ್ಲಿ ಒಂದು ಗಟ್ಟಿ ಕಟ್ಟೆ ಇದೆ. ತೊಟ್ಟಿ ತುಂಬಿದ್ದಾಗ ಅದು ಕಾಣುವುದಿಲ್ಲ, ನೀರು ಇಳಿದಂತೆ ಹೊರಗೆ ಬರುತ್ತದೆ. ದೋಣಿಯ ಹಿಂಭಾಗ ಅದರ ಮೇಲೆ ಕೂತುಬಿಟ್ಟರೆ ಮುಂಭಾಗ ಮಾತ್ರ ಇಳಿಯುತ್ತಾ ಹೋಗಿ ದೋಣಿ ಮುಳುಗುತ್ತದೆ. ಕಟ್ಟೆ ಎಲ್ಲಿಯವರೆಗಿದೆ ಎಂದು ತೋರಿಸಲು ಲಾಕಿನ ಅಂಚಿನಲ್ಲಿ ಬಿಳಿ ಗುರುತು ಹಾಕಿರುತ್ತಾರೆ. ದೋಣಿಯ ಹಿಂತುದಿ ಆ ಗುರುತಿಗಿಂತ ಮುಂದಿದೆಯೇ ಎಂದು ದಂಡೆಯಿಂದ ನೋಡುವವರು ನೀವೇ. ದೋಣಿ ಸ್ವಲ್ಪ ವಾಲಿದಂತೆ ಕಂಡರೂ ಕೂಗಿ: ಮೊದಲು ಕೆಳಗಿನ ತೂಬು ಮುಚ್ಚಬೇಕು, ಆಮೇಲೆ ಮೇಲಿನದನ್ನು ನಿಧಾನವಾಗಿ ಎತ್ತಿ ಮತ್ತೆ ನೀರು ತುಂಬಿಸಬೇಕು. ಇಳಿಯುವಾಗ ದೋಣಿಯನ್ನು ಹಗ್ಗದಿಂದ ಬಿಗಿದು ಕಟ್ಟಲೇಬಾರದು, ನೇತಾಡುತ್ತದೆ. ದೋಣಿಗೂ ಗೋಡೆಗೂ ನಡುವೆ ಅಂಗೈ ತೂರುವಷ್ಟೂ ಜಾಗ ಇರುವುದಿಲ್ಲ. ಮೊಮ್ಮಕ್ಕಳ ಕೈ ಒಳಗಿರಲಿ.

ತೂಬು ಎತ್ತಲು ವಿಂಡ್‌ಲಾಸ್ ಎಂಬ ಕಬ್ಬಿಣದ ಹಿಡಿಕೆ ಕೊಡುತ್ತಾರೆ. ತೂಬು ಮೇಲಿರುವಾಗ ಅದನ್ನು ಹಾಗೇ ಸಿಕ್ಕಿಸಿ ಬಿಡಬೇಡಿ. ತೂಬನ್ನು ಮೇಲೆ ಹಿಡಿದಿಡುವ ತಡೆಹಲ್ಲು ಜಾರಿದರೆ ಹಿಡಿಕೆ ಗಿರಗಿರ ತಿರುಗಿ ಮೊಣಕೈ ಮುರಿಯುತ್ತದೆ. ಕೆಲಸವಾದ ಕೂಡಲೇ ಕಳಚಿ ಕೈಯಲ್ಲಿಟ್ಟುಕೊಳ್ಳಿ. ಗೇಟು ತೆರೆಯಲು ತೋಳಿನ ಬಲ ಬೇಡ. ಗೇಟಿನ ಉದ್ದನೆಯ ತೊಲೆಗೆ ಸೊಂಟ ಕೊಟ್ಟು ಹಿಂದಕ್ಕೆ ಹೆಜ್ಜೆ ಹಾಕಿ. ಕಾಲು ಜಾರದಿರಲೆಂದು ನೆಲದಲ್ಲಿ ಅರ್ಧಚಂದ್ರಾಕಾರದಲ್ಲಿ ಇಟ್ಟಿಗೆ ಉಬ್ಬಿಸಿ ಕಟ್ಟಿದ್ದಾರೆ. ಎಷ್ಟು ತಲೆಮಾರಿನ ಕಾಲು ಊರಿವೆಯೋ, ಕೆಲವು ಸವೆದು ನುಣ್ಣಗಾಗಿವೆ. ಗೇಟು ಅಲ್ಲಾಡದಿದ್ದರೆ ಮಟ್ಟ ಇನ್ನೂ ಸಮವಾಗಿಲ್ಲ ಎಂದೇ ಅರ್ಥ. ನಾಲ್ಕು ಬೆರಳು ವ್ಯತ್ಯಾಸವಿದ್ದರೂ ಎಂಥ ಪೈಲ್ವಾನನಿಗೂ ಜಗ್ಗುವುದಿಲ್ಲ. ನಿಂತು ಕಾಯಿರಿ.

ಒಟ್ಟು ಎರಡೂವರೆ–ಮೂರು ಗಂಟೆ ಹಿಡಿಯುತ್ತದೆ. ನಡುವೆ ದೋಣಿ ಕಟ್ಟಿ ಊಟಕ್ಕೆ ಕೂರುವಂತಿಲ್ಲ, ತಿಂಡಿ ಮುಗಿಸಿಯೇ ಹೊರಡಿ. ಸೇತುವೆಗಳ ಕೆಳಗೆ ಕತ್ತಲು, ಪಾಚಿ; ಚಪ್ಪಲಿ ಬೇಡ, ಹಿಡಿತವಿರುವ ಶೂ ಹಾಕಿ. ಪುಂಡರು ನೀರು ಬಿಟ್ಟುಬಿಡದಂತೆ ನಗರದ ಲಾಕ್‌ಗಳ ತೂಬಿಗೆ ಬೀಗ ಇರುವುದುಂಟು. ಅದರ ಕೀ ದೋಣಿಯಲ್ಲಿದೆಯೇ ಎಂದು ಹೊರಡುವ ಮೊದಲೇ ಕೇಳಿ.

ಇನ್ನು ಭದ್ರಾ ನಾಲೆ. ಬರ್ಮಿಂಗ್‌ಹ್ಯಾಮ್‌ನ ನಾಲೆ ಬಹುಮಟ್ಟಿಗೆ ನಿಂತ ನೀರು. ನಮ್ಮದು ಹರಿಯುವ ನೀರು, ಪಾಳಿಯ ಮೇಲೆ ಬಿಡುವುದು, ಬೆಳೆ ಮುಗಿದರೆ ಬಂದ್. ಇಳಿತ ಇರುವಲ್ಲಿ ನಾವು ನೀರನ್ನು ಧುಮುಕಿಸುತ್ತೇವೆ, ಲಾಕ್ ಕಟ್ಟಿಲ್ಲ. ಎರಡನ್ನೂ ಒಟ್ಟಿಗೆ ಮಾಡಲು ಹೊರಟವರೂ ಇದ್ದರು. ಹರಿಹರ ದಾಟಿ ಹೋಗುವ ಇದೇ ತುಂಗಭದ್ರೆಗೆ ಕರ್ನೂಲಿನ ಹತ್ತಿರ ಸುಂಕೇಸುಲದಲ್ಲಿ ಅಣೆಕಟ್ಟು ಕಟ್ಟಿ, 1860ರ ದಶಕದಲ್ಲಿ ಒಂದು ಕಂಪನಿ ಕರ್ನೂಲು–ಕಡಪ ಕಾಲುವೆ ತೋಡಿತು, ನೀರಾವರಿಗೂ ದೋಣಿಗೂ ಎಂದು. ಲಾಕ್‌ಗಳನ್ನೂ ಕಟ್ಟಿದರು. ದೋಣಿ ಸಂಚಾರ ನಿಂತುಹೋಯಿತು, ಗದ್ದೆಗೆ ನೀರು ಉಳಿಯಿತು. ಕೊನೆ ಭಾಗಕ್ಕೆ ನೀರು ಮುಟ್ಟಿಸುವುದೇ ಕಷ್ಟವಿರುವಾಗ, ರೈತರ ಪಾಳಿಯ ನೀರಲ್ಲಿ ಒಂದು ಪಾಲನ್ನು ದೋಣಿಗೆ ಬಿಡಿ ಎಂದು ನಾನಂತೂ ಬರೆಯಲಾರೆ.