ಫೈಲು ಯಾರ ಕೈಯಲ್ಲಿದೆ?

ದಾವಣಗೆರೆ ಕಡೆಯ ಹಳ್ಳಿಯೊಂದರಿಂದ ಬರೆದಿದ್ದೀರಿ. ಓದಿ ಸಿಟ್ಟು ಬಂತು. ಯಾರ ಮೇಲೆ ಅಂತ ಆಮೇಲೆ ಹೇಳುತ್ತೇನೆ.

ಏಳು ವರ್ಷದ ಮಗನಿಗೆ ಥಲಸ್ಸೇಮಿಯಾ ಮೇಜರ್, ಅಂದರೆ ಮೈ ತಾನೇ ಸಾಕಷ್ಟು ರಕ್ತ ಮಾಡಿಕೊಳ್ಳಲಾಗದ, ಹುಟ್ಟಿನಿಂದ ಬರುವ ಕಾಯಿಲೆ. ಮೂರು ವಾರಕ್ಕೊಮ್ಮೆ ಬಸ್ಸು ಹತ್ತಿಸಿ ಕರೆದುಕೊಂಡು ಹೋಗಿ ರಕ್ತ ಹಾಕಿಸಿಕೊಂಡು ಬರುತ್ತೀರಿ. "ಇನ್ನೊಂದು ಮಗು ಮಾಡ್ಕೊಳ್ಳಿ, ಅದರ ಮೂಳೆ ಮಜ್ಜೆ ಕೊಟ್ರೆ ಇವನು ಹುಷಾರಾಗ್ತಾನೆ" ಅಂತ ಅತ್ತೆ ದಿನಾ ಹೇಳುತ್ತಾರಂತೆ. ಏನು ಮಾಡಲಿ ಅಂತ ಕೇಳಿದ್ದೀರಿ.

ಪತ್ರದ ಕೊನೆಗೆ, ಸುಮ್ನೆ ನೆನಪಾಯ್ತು ಅನ್ನೋ ಹಾಗೆ, ಒಂದು ಸಾಲು: "ಕಬ್ಬಿಣ ಇಳಿಸೋ ಮಾತ್ರೆ ವಾರದಲ್ಲಿ ಮೂರು ದಿನ ತಪ್ಪುತ್ತೆ, ಶಾಲೆ ವ್ಯಾನು ಬೇಗ ಬರುತ್ತೆ. ಫೆರಿಟಿನ್ ನಾಲ್ಕು ಸಾವಿರ ಇದೆಯಂತೆ."

ನಿಜವಾದ ಪತ್ರ ಈ ಸಾಲೇ. ಫೆರಿಟಿನ್ ಅಂದರೆ ಮೈಯಲ್ಲಿ ಕಬ್ಬಿಣ ಎಷ್ಟು ಕೂತಿದೆ ಅಂತ ತೋರಿಸುವ ರಕ್ತ ಪರೀಕ್ಷೆಯ ಲೆಕ್ಕ. ಒಂದು ಚೀಲ ರಕ್ತದ ಜೊತೆ ಸುಮಾರು 200 ಮಿಲಿಗ್ರಾಂ ಕಬ್ಬಿಣ ಮೈ ಸೇರುತ್ತದೆ. ಅದನ್ನು ಹೊರಹಾಕೋದು ದೇಹಕ್ಕೆ ಗೊತ್ತಿಲ್ಲ. ಲಿವರ್, ಹೃದಯ, ಗ್ರಂಥಿಗಳಲ್ಲಿ ಹೋಗಿ ಕೂರುತ್ತದೆ. ಡಾಕ್ಟರುಗಳು ಫೆರಿಟಿನ್ ಸಾವಿರದ ಆಸುಪಾಸಿಗೆ ತರಲು ಒದ್ದಾಡುವುದು ಇದಕ್ಕೇ. ಅತ್ತೆ ಹೇಳುವ ಮಜ್ಜೆ ಕಸಿ ಇದೆಯಲ್ಲ, ಕಬ್ಬಿಣ ತುಂಬಿ ಲಿವರ್ ಕೆಟ್ಟ ಮಕ್ಕಳಿಗೆ ಅದರಲ್ಲೂ ಅಪಾಯ ಜಾಸ್ತಿ.

ಎರಡನೇ ಮಗುವಿನ ಲೆಕ್ಕವೂ ಅಷ್ಟು ಸಲೀಸಲ್ಲ. ಕಾಯಿಲೆ ಇಲ್ಲದೆ, ಅಣ್ಣನಿಗೆ ಮಜ್ಜೆ ಪೂರ್ತಿ ಹೊಂದುವ ಮಗು ಹುಟ್ಟುವ ಸಾಧ್ಯತೆ 16ರಲ್ಲಿ 3. ಮಗು ಬೇಕು ಅನ್ನಿಸಿದರೆ ಮಾಡ್ಕೊಳ್ಳಿ, ಬಸುರಿನ ಮೂರನೇ ತಿಂಗಳ ಹೊತ್ತಿಗೆ ಆ ಮಗುವಿಗೂ ಕಾಯಿಲೆ ಇದೆಯಾ ಅಂತ ಪರೀಕ್ಷೆ ಮಾಡಿಸಿ. ಔಷಧಿ ಬೇಕು ಅಂತ ಮಗು ಹೆರಬೇಡಿ.

ಅತ್ತೆಯ ಮೇಲೆ ನಿಮಗೆ ಕೋಪ. ನನಗಿಲ್ಲ. ಬೆಳಿಗ್ಗೆ ಮಾತ್ರೆ ನೀರಲ್ಲಿ ಕದಡಿ, ಮೊಮ್ಮಗನ ಹಿಂದೆ ಲೋಟ ಹಿಡಿದು ಓಡುವವರು ಅವರೇ ಅಂತ ನೀವೇ ಬರೆದಿದ್ದೀರಿ. (ಲೋಟದ ತಳದಲ್ಲಿ ಉಳಿಯುವ ಗಸಿ ಚೆಲ್ಲಬಾರದು ಅಂತ ಹೇಳಿ. ಇನ್ನೊಂದು ಗುಟುಕು ನೀರು ಹಾಕಿ, ಅಲ್ಲಾಡಿಸಿ, ಅದನ್ನೂ ಕುಡಿಸಬೇಕು.)

ನನಗೆ ಕೋಪ ನಿಮ್ಮ ಯಜಮಾನರ ಮೇಲೆ. "ಒಳ್ಳೆಯವರು, ಖರ್ಚಿಗೆ ಇಲ್ಲ ಅಂದಿಲ್ಲ, ಆಸ್ಪತ್ರೆ ವಾಸನೆ ಅವರಿಗೆ ಆಗಲ್ಲ." ಯಾರಿಗೆ ಆಗುತ್ತೆ ಹೇಳಿ? ಈ ಕಾಯಿಲೆ ಮಗುವಿಗೆ ಬರಬೇಕಾದರೆ ಅಪ್ಪ ಅಮ್ಮ ಇಬ್ಬರೂ ವಾಹಕರಾಗಿರಬೇಕು, ಅಂದರೆ ಅದರ ದೋಷವನ್ನು ಇಬ್ಬರೂ ಹೊತ್ತಿರಬೇಕು. ಅಲ್ಲಿ ಅರ್ಧ ಪಾಲು ಇದ್ದವರಿಗೆ ಬಸ್ಸಿನಲ್ಲೂ ಅರ್ಧ ಸೀಟು ಇರಲಿ. ಆಸ್ಪತ್ರೆ ಫೈಲು ಒಬ್ಬರ ಕೈಯಲ್ಲೇ ಇರುವ ಮನೆಯಲ್ಲಿ ಏನಾದರೊಂದು ತಪ್ಪೇ ತಪ್ಪುತ್ತೆ. ಈ ಅಂಕಣದಲ್ಲಿ ಇದು ಹಳೇ ರಾಗ, ಗೊತ್ತು.

ನೀವು ಮಾಡಬೇಕಾದ್ದು ಒಂದೇ. ಮುಂದಿನ ಸಲ ರಕ್ತ ಹಾಕಿಸಲು ಅವರೇ ಮಗನನ್ನು ಕರೆದುಕೊಂಡು ಹೋಗಲಿ. ನೀವು ಹೋಗಬೇಡಿ. ಕದಡುವ ಮಾತ್ರೆಗೆ ಹೊಟ್ಟೆ ಖಾಲಿ ಇರಬೇಕು, ಅದೇ ಔಷಧಿ ಸ್ವಲ್ಪ ತಿಂಡಿ ಜೊತೆ ನುಂಗುವ ಮಾತ್ರೆಯಾಗಿಯೂ ಸಿಗುತ್ತದೆ. ಇವನಿಗೆ ಆಗುತ್ತಾ ಅಂತ ಡಾಕ್ಟರನ್ನು ಅವರೇ ಕೇಳಲಿ. ಥಲಸ್ಸೇಮಿಯಾ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿದೆ. ಇನ್ನೂ ಮಾಡಿಸದ ಆ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೂ ಅವರೇ ಓಡಾಡಲಿ.

ಮಧ್ಯಾಹ್ನ ಫೋನ್ ಬರುತ್ತೆ. "ಹಳೇ ರಿಪೋರ್ಟ್ ಎಲ್ಲಿದೆ" ಅಂದರೆ ಹೇಳಿ. "ನೀನೇ ಬಂದುಬಿಡು" ಅಂದರೆ ಫೋನ್ ಇಟ್ಟುಬಿಡಿ.